ಮೇಲಿನ ಓಣಿಯ ಅಗಲ

ಕಟ್ಟಡದ ಎತ್ತರ ಅಳೆಯುವಾಗ ತಕರಾರು ಹುಟ್ಟುವುದು ತುದಿಯಲ್ಲಲ್ಲ, ಬುಡದಲ್ಲಿ. ತುದಿ ಎಲ್ಲಿದೆ ಅಂತ ಕಾಗೆಗೂ ಗೊತ್ತಿರುತ್ತದೆ. ನೆಲ ಎಲ್ಲಿಂದ ಶುರು ಎನ್ನುವುದನ್ನು ನಿಯಮವೇ ಹೇಳಬೇಕು. ಚಿತ್ರದುರ್ಗದ ಕೋಟೆ ಗುಡ್ಡದ ಬುಡದಲ್ಲಿರುವ ಹಳೇ ಊರಿನಲ್ಲಂತೂ ಒಂದು ಮನೆಯ ಹೊಸ್ತಿಲು ಕೆಳಗಿನ ಮನೆಯ ಮಾಳಿಗೆಗೆ ಸಮನಾಗಿರುತ್ತದೆ. ಬಂಡೆ ಬಿಟ್ಟುಕೊಟ್ಟ ಕಡೆ ಮನೆ, ಬಿಡದ ಕಡೆ ಓಣಿ. ಅಂಥಲ್ಲಿ ‘ಹತ್ತು ಮೀಟರ್ ಮೀರಬಾರದು’ ಎಂದು ಬರೆದುಬಿಡುವುದು ಸುಲಭ. ಎಲ್ಲಿಂದ ಹತ್ತು ಮೀಟರ್ ಎಂದು ಅಳೆದು ಹೇಳುವುದು ನನ್ನ ಕೆಲಸವಾಗಿತ್ತು.

ಊರಿನ ವಲಯ ನಿಯಮಗಳ ಹೊಸ ಕರಡು ತಯಾರಾಗುತ್ತಿತ್ತು. ಕೋಟೆಯ ನೋಟಕ್ಕೆ ಅಡ್ಡ ಬರಬಾರದೆಂದು ಗುಡ್ಡದ ಬುಡದ ಮನೆಗಳನ್ನೆಲ್ಲ ಒಂದು ಪಟ್ಟಿಯಾಗಿ ಗುರುತಿಸಿ, ಅಲ್ಲಿ ಎತ್ತರಕ್ಕೆ ಮಿತಿ ಹಾಕಿದ್ದರು. ಪರವಾನಗಿ ಇಲ್ಲದೆ ಮಾಳಿಗೆ ಏರಿಸಿಕೊಂಡವರಿಗೆ ಒಂದು ಅವಕಾಶವೂ ಇತ್ತು. ಕಟ್ಟಡ ಮಿತಿಯೊಳಗಿದ್ದರೆ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳಬಹುದು. ಮೀರಿದ್ದರೆ ಮೇಲಿನ ಮಾಳಿಗೆ ಇಳಿಸಬೇಕು. ನಾನು ಗುತ್ತಿಗೆ ಮೇಲೆ ಸೇರಿದ್ದ ಕಚೇರಿಗೆ ಇದರ ಅಳತೆ ಬಂತು. ಮನೆ ಮನೆಗೂ ಹೋಗಿ, ಅಳೆದು, ಎರಡು ಪಟ್ಟಿ ಮಾಡಬೇಕು: ಒಳಗಿರುವವು, ಮೀರಿದವು.

ನನ್ನ ಜೊತೆಗೆ ಕೊಟ್ಟಿದ್ದು ಹಿರಿಯ ನಕ್ಷೆಗಾರರನ್ನು. ಭರಮಸಾಗರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ನಿವೃತ್ತಿ ಹತ್ತಿರ ಬಂದಿತ್ತು. ನಾನು ಹರಿಯಬ್ಬೆ ಕಡೆಯ ಕುರಿ ಸಾಕುವ ಮನೆಯ ಹುಡುಗಿ. ಹಿರಿಯೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ನಿಂತು ಕಪ್ ಗೆದ್ದು ತಂದವಳು. ಕಚೇರಿಯ ಸಾಹೇಬರಿಗೆ ಇದು ಗೊತ್ತಿತ್ತು. ಮೊದಲನೇ ವಾರವೇ ಹೇಳಿದ್ದರು: “ಅಳತೆನೂ ನೀನೇ ಮಾಡಮ್ಮ, ಆಮೇಲೆ ಜನ ಆಕ್ಷೇಪಣೆ ತಂದಾಗ ಉತ್ತರನೂ ನೀನೇ ಕೊಡು. ನಿನ್ನ ಬಾಯಿ ಸರ್ಕಾರಕ್ಕೆ ಉಪಯೋಗಕ್ಕೆ ಬರಲಿ.” ನನಗೆ ಅದು ಹೊಗಳಿಕೆಯಾಗಿ ಕೇಳಿಸಿತ್ತು.

ಅಳೆಯುವ ಕ್ರಮ ಹೀಗೆ. ಮನೆ ಮುಂದಿನ ರಸ್ತೆಯ ನಡುಮಧ್ಯದ ಮಟ್ಟವನ್ನು ಲೆವೆಲ್ ಯಂತ್ರದಲ್ಲಿ ಹಿಡಿಯಬೇಕು. ಅಲ್ಲಿಂದ ಕೊನೆಯ ಚಾವಣಿಯವರೆಗಿನ ದೂರವೇ ಎತ್ತರ. ಪ್ಯಾರಾಪೆಟ್ ಗೋಡೆ, ನೀರಿನ ಟ್ಯಾಂಕು, ಮೆಟ್ಟಿಲಿನ ಗೂಡು ಲೆಕ್ಕಕ್ಕಿಲ್ಲ. ಮನೆಗೆ ಎರಡು ರಸ್ತೆ ತಾಗಿದ್ದರೆ, ಎರಡರಲ್ಲಿ ಯಾವುದು ಅಗಲವೋ ಆ ರಸ್ತೆಯ ಮಟ್ಟದಿಂದ ಅಳೆಯಬೇಕು. ಬಯಲುಸೀಮೆಯ ಸಮತಟ್ಟಾದ ಬಡಾವಣೆಯಲ್ಲಿ ಈ ಕೊನೆಯ ಸಾಲನ್ನು ಯಾರೂ ಓದುವುದೂ ಇಲ್ಲ. ಗುಡ್ಡದ ಬುಡದಲ್ಲಿ ಮಾತ್ರ ಮನೆ ಉಳಿಯುವುದು, ಇಳಿಯುವುದು ಆ ಸಾಲಿನ ಮೇಲೆ ನಿಂತಿತ್ತು.

ಗಾದಿಯವರ ಮನೆಗೆ ನಾವು ಹೋದದ್ದು ಆಷಾಢದ ಗಾಳಿಯಲ್ಲಿ. ಲೆವೆಲ್ ಯಂತ್ರದ ಮೂರು ಕಾಲಿಗೂ ಕಲ್ಲು ಆನಿಸಿಟ್ಟು ನೋಡಬೇಕಾಗಿತ್ತು, ಅಷ್ಟು ಗಾಳಿ. ಅವರು ಅರಳೆ ಹಿಂಜಿ ಗಾದಿ, ರಜಾಯಿ ಹೊಲಿಯುವವರು. ಅವರ ಮನೆತನ ತಲೆಮಾರುಗಳಿಂದ ಆ ಓಣಿಯಲ್ಲೇ ಇದೆ. ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದಲೂ ಮದುವೆ ಗಾದಿಗೆ ಅವರಲ್ಲಿಗೇ ಬರುತ್ತಿದ್ದರು. ಮನೆ ಎರಡು ಓಣಿಗಳ ನಡುವೆ ನಿಂತಿತ್ತು. ಮುಂಬಾಗಿಲು ಮೇಲಿನ ಓಣಿಗೆ. ಅಲ್ಲಿಂದ ನೋಡಿದರೆ ಎರಡೇ ಅಂತಸ್ತು. ಬೆನ್ನು ಕೆಳಗಿನ ಓಣಿಗೆ. ಅಲ್ಲಿ ಬಂಡೆಯ ಮೇಲೆ ಕಲ್ಲಿನ ಗೋದಾಮು, ಅದರ ಮೇಲೆ ಈ ಎರಡು.

“ಬರ್ರಿ, ಕುಂತ್ಕಳ್ರಿ,” ಎಂದು ಅವರು ಮುಂದಿನ ಜಗಲಿಯ ಮೇಲೆ ಒಂದು ಹಳೇ ರಜಾಯಿ ಹಾಸಿದರು. “ಏನಮ್ಮ, ನಮ್ಮನೆ ಎಷ್ಟುದ್ದ ಬೆಳೆದೈತೆ ಅಂತ ನೋಡಕ್ಕೆ ಬಂದ್ರಾ? ನನಗಿಂತ ಚೆನ್ನಾಗಿ ಬೆಳೆದೈತೆ ಬಿಡ್ರಿ.” ಅವರು ನಿಜಕ್ಕೂ ಗಿಡ್ಡ ಮನುಷ್ಯ. ಹುಬ್ಬಿನಲ್ಲಿ ಕೂಡ ಅರಳೆಯ ಎಳೆ.

ಮೇಲಿನ ಅಂತಸ್ತು ಪರವಾನಗಿ ಇಲ್ಲದ್ದು. ಯಾಕೆ ಕಟ್ಟಿದಿರಿ ಎಂದು ಕೇಳಿದ್ದಕ್ಕೆ ಅವರು ಹೆಂಡತಿಯನ್ನು ತೋರಿಸಿದರು. ಆಕೆ ಬಾಗಿಲ ಒಳಗೆ ನಿಂತಿದ್ದರು. ಮಾತಿಗೊಂದು ಸಲ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಮೊದಲು ಹಿಂಜುವ ಮಷೀನು ಕೆಳಗಿನ ಗೋದಾಮಿನಲ್ಲಿತ್ತಂತೆ. “ಅರಳೆ ಧೂಳು ಮ್ಯಾಕೆ ಏರ್ತದಮ್ಮ, ಇಳಿಯಲ್ಲ,” ಎಂದರು ಗಾದಿಯವರು. “ಮೆಟ್ಲು ಹಿಡಿದು ನಡುಮನೆಗೆ ಬಂದು ಕುಂತ್ಕಂತಿತ್ತು, ನೆಂಟ್ರ ತರ. ಡಾಕ್ಟ್ರು ಅಂದ್ರು: ಮಷೀನು ಬಿಡು, ಇಲ್ಲ ಹೆಂಡ್ತಿನ ಬಿಡು. ಎರಡೂ ಆಗಲ್ಲ ಅಂತ ಮಷೀನ್ನ ತಲೆ ಮ್ಯಾಲೆ ಹೊತ್ಕಂಡೆ.” ಮೇಲೆ ಹೋಗಿ ನೋಡಿದೆ. ನಾಲ್ಕು ಕಡೆ ಕಿಟಕಿ, ನಡುವೆ ಮಷೀನು. ಗಾಳಿ ಒಂದು ಕಡೆಯಿಂದ ನುಗ್ಗಿ ಧೂಳನ್ನೆಲ್ಲ ಇನ್ನೊಂದು ಕಡೆಯಿಂದ ಎತ್ತಿಕೊಂಡು ಕೋಟೆಯತ್ತ ಹೋಗುತ್ತಿತ್ತು.

ಎತ್ತರ ಅಳೆದೆವು. ಮೇಲಿನ ಓಣಿಯಿಂದ ಏಳು ಮೀಟರ್ ಹತ್ತು ಸೆಂಟಿಮೀಟರ್. ಕೆಳಗಿನ ಓಣಿಯಿಂದ ಹನ್ನೊಂದು ಮೀಟರ್ ತೊಂಬತ್ತು. ಮೊದಲನೆಯದಾದರೆ ಮನೆ ಉಳಿಯಿತು, ಎರಡನೆಯದಾದರೆ ಮೇಲಿನ ಅಂತಸ್ತು ಹೋಯಿತು. ಇನ್ನು ಉಳಿದಿದ್ದು ಯಾವ ಓಣಿ ಅಗಲ ಎನ್ನುವುದು.

ಕೆಳಗಿನ ಓಣಿಯಲ್ಲಿ ಮನೆಗಳ ಬೆನ್ನುಗಳೇ, ಎರಡೂ ಕಡೆ ಬರೀ ಗೋಡೆ. ಟೇಪು ಹಿಡಿದರೆ ನಾಲ್ಕು ಮೀಟರ್ ಹತ್ತು. ಮೇಲಿನ ಓಣಿಗೆ ಬಂದೆವು. ಅಲ್ಲಿ ಉದ್ದಕ್ಕೂ ಎರಡೂ ಬದಿ ಜಗಲಿಗಳು. ಕರೀ ಕಲ್ಲಿನ ಚಪ್ಪಡಿ, ಕುಂತು ಕುಂತು ನುಣುಪಾಗಿದ್ದವು. ಎದುರು ಮನೆಯ ಅಜ್ಜಿ ತಮ್ಮ ಜಗಲಿಯ ಮೇಲೆ ಹುಣಸೆಹಣ್ಣು ರಾಶಿ ಹಾಕಿಕೊಂಡು, ಕುಟ್ಟಿ ಬೀಜ ತೆಗೆಯುತ್ತಿದ್ದರು. ಕೂಲಿಗೆ. ನಕ್ಷೆಗಾರರು ಟೇಪಿನ ತುದಿ ಹಿಡಿದು ಅಜ್ಜಿಯ ಪಕ್ಕ ನಿಂತು ಕೇಳಿದರು:

“ಎಲ್ಲಿಗೆ ಹಿಡೀಲಮ್ಮ? ಗೋಡೆಗೋ, ಜಗಲಿಗೋ?”

“ಜಗಲಿ ಅಂಚಿಗೆ ಹಿಡೀರಿ ಸರ್. ಜಗಲಿ ಮನೆದಲ್ವಾ?”

“ಹೂಂ, ಮನೆದೇ ಬಿಡು.”

ಅಷ್ಟೇ ಮಾತು. ಅರ್ಧ ನಿಮಿಷವೂ ಇಲ್ಲ. ನಮ್ಮ ಹಟ್ಟಿಯಲ್ಲಿ ಜಗಲಿ ಅಂದರೆ ಮನೆಯೇ. ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು ಮೇಲೆ ಹತ್ತಿದವನು ಮನೆಗೆ ಬಂದಹಾಗೆ. ಜಗಳವಾದವರು ಜಗಲಿ ಹತ್ತುವುದಿಲ್ಲ. ಭರಮಸಾಗರದಲ್ಲೂ ಹಾಗೆಯೇ ಇರಬೇಕು, ನಕ್ಷೆಗಾರರಿಗೆ ಅನುಮಾನವೇ ಬರಲಿಲ್ಲ. ಪೇಟೆಯಲ್ಲಿ ಹುಟ್ಟಿದ ಯಾರಾದರೂ ನಮ್ಮ ಜೊತೆ ಇದ್ದಿದ್ದರೆ ಒಂದು ಸಲ ಹಳೇ ನಕಾಶೆ ನೋಡೋಣ ಅನ್ನುತ್ತಿದ್ದರೋ ಏನೋ. ನಾವಿಬ್ಬರೂ ಹಳ್ಳಿಯವರು, ನಮಗೆ ಗೊತ್ತಿದ್ದದ್ದು ನಮಗೆ ಬಹಳ ಚೆನ್ನಾಗಿ ಗೊತ್ತಿತ್ತು.

ಮೂರು ಕಡೆ ಅಳೆದು ಸರಾಸರಿ ತೆಗೆದೆ. ಮೂರು ಮೀಟರ್ ಐವತ್ತು. ಹಾಗಾಗಿ ಕೆಳಗಿನ ಓಣಿಯೇ ಅಗಲ. ಎತ್ತರ ಹನ್ನೊಂದು ತೊಂಬತ್ತು. ‘ಮೀರಿದೆ’ ಎಂದು ಬರೆದು ಸಹಿ ಹಾಕಿದೆ.

ಆಕ್ಷೇಪಣೆಗಳ ವಿಚಾರಣೆ ಕಚೇರಿಯ ಸಭಾಂಗಣದಲ್ಲಿ ನಡೆಯಿತು. ಜನ ಬಾಗಿಲವರೆಗೂ ನಿಂತಿದ್ದರು. ಸಾಹೇಬರು ನಡುವೆ ಕೂತು, ಒಬ್ಬೊಬ್ಬರದ್ದೂ ಕೇಳಿ, “ಉತ್ತರ ಕೊಡಮ್ಮ,” ಎಂದು ನನ್ನತ್ತ ನೋಡುತ್ತಿದ್ದರು. ನಾನು ಹಿಂದಿನ ದಿನವೇ ಪ್ರತಿ ಅರ್ಜಿಗೂ ಅವರು ಏನು ಹೇಳಬಹುದು, ಅದಕ್ಕೆ ನಾನು ಏನು ಹೇಳಬೇಕು ಎಂದು ಕಾಗದದ ಎರಡು ಕಡೆ ಬರೆದುಕೊಂಡಿದ್ದೆ. ಹಳೇ ಅಭ್ಯಾಸ.

ಗಾದಿಯವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದರು. “ಸ್ವಾಮಿ, ನಮ್ಮನೆ ಮುಂದ್ಗಡೆಯಿಂದ ನೋಡ್ರಿ, ಎರಡೇ ಮಾಳಿಗೆ. ಹಿಂದ್ಗಡೆಯಿಂದ ನೋಡಿದ್ರೆ ಎತ್ರ ಕಾಣ್ತದೆ, ಅದು ಬಂಡೆ ಎತ್ರ, ನಂದಲ್ಲ. ಮನುಷ್ಯನ್ನ ಗುರ್ತು ಹಿಡಿಯೋದು ಮುಖ ನೋಡಿಯೋ, ಬೆನ್ನು ನೋಡಿಯೋ?”

ಸಭೆ ನಕ್ಕಿತು. ಒಳ್ಳೇ ಮಾತು ಅದು, ನನಗೂ ಗೊತ್ತಾಯಿತು. ಅದಕ್ಕೇ ಮುರಿಯಲೇಬೇಕು ಅನ್ನಿಸಿತು.

“ಮುಖ ಯಾವುದು ಅಂತ ಮನೆಯವರು ಹೇಳೋ ಹಾಗಿದ್ದರೆ ನಿಯಮನೇ ಬೇಕಿರಲಿಲ್ಲ,” ಅಂದೆ. “ಅಗಲ ರಸ್ತೆ ಯಾವ ಕಡೆಗಿದೆಯೋ ಅದೇ ಮುಖ. ಕೆಳಗಿನ ಓಣಿ ನಾಲ್ಕು ಹತ್ತು, ಮೇಲಿನದು ಮೂರು ಐವತ್ತು. ನಾನೇ ಟೇಪು ಹಿಡಿದು ಅಳೆದಿದ್ದೇನೆ. ನಿಮ್ಮ ಹತ್ತಿರ ಬೇರೆ ಅಳತೆ ಇದ್ದರೆ ಕೊಡಿ.”

“ನನ್ನ ಹತ್ರ ಎಲ್ಲೈತಮ್ಮ ಅಳತೆ. ಕೋಟೆಗೇನೂ ನಮ್ಮನೆ ಅಡ್ಡ ಬರಲ್ಲ, ಅಷ್ಟು ಗೊತ್ತು.”

“ಎಲ್ಲರೂ ನನ್ನೊಬ್ಬನ ಮನೆಯಿಂದ ಏನಾಗುತ್ತೆ ಅಂತಾರೆ. ಹಾಗೇ ಬಿಡ್ತಾ ಹೋದರೆ, ನಾಳೆ ಕೋಟೆ ನೋಡಕ್ಕೆ ಕೋಟೆ ಮೇಲೇ ಹತ್ತಬೇಕಾಗುತ್ತೆ.”

ಈಗ ಸಭೆ ನನ್ನ ಕಡೆಗೆ ನಕ್ಕಿತು. ಅವರು ಕೊನೆಗೆ ಹೆಂಡತಿಯ ಉಸಿರಾಟದ ತೊಂದರೆಯ ಡಾಕ್ಟರ್ ಚೀಟಿಗಳನ್ನು ಮೇಜಿನ ಮೇಲೆ ಇಟ್ಟರು. ಆರೋಗ್ಯದ ವಿಷಯ ಎತ್ತರ ಮಿತಿಯ ನಿಯಮದ ವ್ಯಾಪ್ತಿಗೆ ಬರುವುದಿಲ್ಲ ಎಂದು ನಾನು ಹೇಳಿದೆ. ಆ ಮಾತೂ ನಿಜವೇ. ಅವರು ಚೀಟಿಗಳನ್ನು ಒಂದೊಂದಾಗಿ ಎತ್ತಿ, ಸರಿಯಾಗಿ ಜೋಡಿಸಿ, ಜೇಬಿಗೆ ಹಾಕಿಕೊಂಡು ಹೋಗಿ ಕುಂತರು. ಅಂತಸ್ತು ಇಳಿಸಲು ಎರಡು ತಿಂಗಳು ಕಾಲ ಕೊಟ್ಟು ಆದೇಶವಾಯಿತು. ಸಂಜೆ ಸಾಹೇಬರು ನನಗೆ ಕಾಫಿ ತರಿಸಿದರು.

ತಪ್ಪು ಗೊತ್ತಾದದ್ದು ಅದಾದ ಮೂರನೇ ವಾರ. ಅಂತಿಮ ನಕ್ಷೆಗಾಗಿ ನಮ್ಮ ಅಳತೆಗಳನ್ನು ಹಳೇ ಊರ ಸರ್ವೆ ನಕಾಶೆಯ ಮೇಲೆ ಕೂರಿಸುತ್ತಿದ್ದೆ. ಕೆಳಗಿನ ಓಣಿ ಗೆರೆಗೆ ಗೆರೆ ಕೂತಿತು. ಮೇಲಿನ ಓಣಿ ಕೂರಲಿಲ್ಲ. ನಕಾಶೆಯಲ್ಲಿ ಓಣಿ ಅಗಲ, ನನ್ನ ಅಳತೆಯಲ್ಲಿ ಕಿರಿದು. ಮೊದಲು ಹಳೇ ಕಾಗದ ಹಿಗ್ಗಿದೆ ಅಂದುಕೊಂಡೆ. ಹಿಗ್ಗಿದ್ದರೆ ಎಲ್ಲ ಕಡೆ ಹಿಗ್ಗಬೇಕಲ್ಲ? ಪಕ್ಕದ ಬಾವಿ, ತಿರುವಿನ ಕಲ್ಲು, ಎಲ್ಲ ಸರಿಯಾಗಿಯೇ ಇದ್ದವು. ಆಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ನಿವೇಶನಗಳ ಗಡಿಗೆರೆ ಗೋಡೆಯ ಮೇಲೆ ಹಾದುಹೋಗಿತ್ತು. ಜಗಲಿಗಳು ಗೆರೆಯ ಆಚೆಗೆ, ಓಣಿಯೊಳಗೆ, ಸಣ್ಣ ಚುಕ್ಕೆ ಚುಕ್ಕೆಯಾಗಿದ್ದವು. ಒಂದಲ್ಲ, ಎಲ್ಲವೂ. ಊರು ಅವನ್ನು ಯಾವತ್ತೋ ಓಣಿಯ ಮೇಲೆ ಕಟ್ಟಿಕೊಂಡಿತ್ತು; ನಕಾಶೆ ಬರೆದವನು ನೋಡಿ, ಚುಕ್ಕೆ ಇಟ್ಟು, ಸುಮ್ಮನಿದ್ದ.

ಕರಡಿನ ಮೊದಲ ಪುಟದ ವ್ಯಾಖ್ಯೆ ತೆಗೆದೆ. ರಸ್ತೆಯ ಅಗಲ ಎಂದರೆ ಎರಡೂ ಬದಿಯ ನಿವೇಶನಗಳ ಗಡಿಗಳ ನಡುವಿನ ಅಂತರ. ಈ ಬದಿಯ ಜಗಲಿ ಎಪ್ಪತ್ತು ಸೆಂಟಿಮೀಟರ್, ಆ ಬದಿಯದ್ದು ಎಂಬತ್ತು. ನನ್ನ ಮೂರು ಐವತ್ತಕ್ಕೆ ಅವೆರಡು ಸೇರಿದರೆ ಐದು ಮೀಟರ್. ಮೇಲಿನ ಓಣಿಯೇ ಅಗಲ. ಗಾದಿಯವರ ಮನೆಯ ಎತ್ತರ ಏಳು ಹತ್ತು. ಅವರು ಹೇಳಿದ ಮುಖವೇ ಮುಖ.

ನಕ್ಷೆಗಾರರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಣೆಗೆ ಏರಿಸಿ, ಕಾಗದಕ್ಕೆ ಮೂಗು ತಾಗಿಸಿ ನೋಡಿದರು.

“ತಿದ್ದುಪಡಿ ಟಿಪ್ಪಣಿ ಬರೀತೀನಿ ಸರ್.”

“ಬರೆಯೋ ಮುಂಚೆ ಯೋಚ್ನೆ ಮಾಡು. ಈಗ ನಮ್ಮ ನಕ್ಷೆಯಾಗೆ ಜಗಲಿ ಮನೆ ಒಳಗೈತೆ. ನೀನು ತಿದ್ದಿದ್ರೆ ರಸ್ತೆ ಒಳಗೆ ಬರ್ತದೆ. ರಸ್ತೆ ಒಳಗಿರೋ ಕಲ್ಲಿಗೆ ಸರ್ಕಾರದಾಗೆ ಒಂದೇ ಹೆಸರು: ಒತ್ತುವರಿ.”

“ಹಳೇ ನಕಾಶೆಯಲ್ಲಿ ಮೊದಲಿಂದಲೂ ಹಾಗೇ ಇದೆಯಲ್ಲ ಸರ್.”

“ಹಳೇ ನಕಾಶೆ ಬೀರಿನಾಗೆ ಮಲಗೈತೆ. ಮಲಗಿದ್ದನ್ನ ಎಬ್ಬಿಸೋಳು ನೀನು.”

ಆ ಸಂಜೆಯೇ ಗಾದಿಯವರ ಮನೆಗೆ ಹೋದೆ. ತಪ್ಪು ಒಪ್ಪಿಕೊಳ್ಳಲು ಹೋದೆ ಎಂದರೆ ಅರ್ಧ ಸುಳ್ಳು. ಒಳ್ಳೇ ಸುದ್ದಿ ಕೊಡುವವಳ ಗತ್ತೂ ಇತ್ತು. ಅವರ ಹೆಂಡತಿ ಜಗಲಿಯ ಮೇಲೆ ಗಾಳಿಗೆ ಕುಂತಿದ್ದರು. ಎದುರಿನ ಅಜ್ಜಿಯೊಂದಿಗೆ ಓಣಿಯಡ್ಡ ಮಾತು ನಡೆದಿತ್ತು. ನನ್ನನ್ನು ಕಂಡು ಇಬ್ಬರೂ ನಿಲ್ಲಿಸಿದರು. ಗಾದಿಯವರು ಒಳಗೆ ಕರೆದರು. ನಾನು ಕಾಗದ ಬಿಡಿಸಿ, ಗೆರೆಗಳ ಮೇಲೆ ಬೆರಳಿಟ್ಟು, ಎಲ್ಲ ಹೇಳಿದೆ. ತಪ್ಪು ನನ್ನದು, ನಿಮ್ಮ ಮಾಳಿಗೆ ಮಿತಿಯೊಳಗಿದೆ, ಇಳಿಸಬೇಕಾಗಿಲ್ಲ.

ಅವರು ನಗಲಿಲ್ಲ. ಚುಕ್ಕೆಗಳ ಮೇಲೆ ಬೆರಳಿಟ್ಟು ಕೇಳಿದರು: “ಇವು ಏನಮ್ಮ?”

“ಜಗಲಿಗಳು.”

“ಓಣಿ ಒಳಗೆ ಅವೆ.”

“ಹೌದು. ಅದಕ್ಕೇ ಓಣಿ ಅಗಲ ಆಗಿದ್ದು.”

“ಹಂಗಾದ್ರೆ ನನ್ನ ಮಾಳಿಗೆ ಉಳೀಬೇಕಾದ್ರೆ ಇವರ ಜಗಲಿ ಎಲ್ಲ ರಸ್ತೆದು ಅಂತ ನೀವು ಬರೀಬೇಕು.”

ಅರಳೆ ಹಿಂಜುವ ಮನುಷ್ಯ ನನಗೆ ಮೂರು ವಾರ ಹಿಡಿದ ಗಂಟನ್ನು ಮೂರು ಮಾತಿನಲ್ಲಿ ಬಿಡಿಸಿಬಿಟ್ಟಿದ್ದರು. ಬರೆದ ಮಾತ್ರಕ್ಕೆ ಒಡೆಯುವುದಿಲ್ಲ, ಒಡೆಯುವುದು ಬೇರೆ ಕಚೇರಿಯ ಕೆಲಸ, ಅದಕ್ಕೆ ಬೇರೆ ನೋಟಿಸು, ಬೇರೆ ಕ್ರಮ ಎಂದೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, “ಬ್ಯಾಡಮ್ಮ. ಆದೇಶ ಆಗೈತಲ್ಲ, ಹಂಗೇ ಇರ್ಲಿ. ನಾನು ಇಳಿಸ್ತೀನಿ,” ಅಂದರು.

“ನಿಮ್ಮ ಹೆಂಡ್ತಿ ಉಸಿರಿಗಿಂತ ಓಣಿ ಕಲ್ಲು ಹೆಚ್ಚಾ ನಿಮಗೆ?”

ಕೇಳಬಾರದಿತ್ತು. ಆದರೆ ವಾದದಲ್ಲಿ ಎದುರಾಳಿಯ ಮೆತ್ತನೆ ಜಾಗ ಕಂಡರೆ ನನ್ನ ನಾಲಿಗೆ ತಾನೇ ಹೋಗುತ್ತದೆ. ಅವರು ಸಿಟ್ಟಾಗಲಿಲ್ಲ. “ಅವಳನ್ನೇ ಕೇಳ್ರಿ,” ಎಂದು ಬಾಗಿಲ ಕಡೆ ನೋಡಿದರು. ಆಕೆ ಯಾವಾಗಲೋ ಒಳಗೆ ಬಂದು ನಿಂತಿದ್ದರು.

“ಬ್ಯಾಡ ತಂಗಿ,” ಎಂದರು. ನಿಂತು, ಉಸಿರು ಎಳೆದುಕೊಂಡು, ಮತ್ತೆ: “ಮೊದ್ಲು ಹೆಂಗಿದ್ವೋ ಹಂಗಿರ್ತೀವಿ. ಮೂಗಿಗೆ ಬಟ್ಟೆ ಕಟ್ಕಂತೀನಿ. ಆ ಅಜ್ಜಿ ಹುಣಸೆಹಣ್ಣು ಎಲ್ಲಿ ಕುಟ್ಟಬೇಕು? ಒಳಗೆ ಅವಳ್ದು ಒಂದೇ ಕೋಣೆ. ಮಲಗಿದ್ರೆ ಕಾಲು ಗೋಡೆಗೆ ತಾಗ್ತವೆ.”

ಬಾಡಿಗೆ ಕೋಣೆಗೆ ಬಂದು ಕಾಗದದ ನಡುವೆ ಗೆರೆ ಎಳೆದೆ. ಒಂದು ಕಡೆ ಬರೆಯುವುದರ ಪರ, ಇನ್ನೊಂದು ಕಡೆ ವಿರೋಧ. ವಿರೋಧದ ಕಡೆ: ಅವರೇ ಬೇಡ ಎಂದಿದ್ದಾರೆ. ಓಣಿಗೆ ಕೆಡುಕಾಗಬಹುದು. ಪರದ ಕಡೆ: ಅಗಲ ಎನ್ನುವುದು ಅವರ ಆಸ್ತಿಯಲ್ಲ, ಬಿಟ್ಟುಕೊಡಲು. ಸುಳ್ಳು ಅಂಕಿಯ ಕೆಳಗೆ ನನ್ನ ಸಹಿ ಇದೆ. ಆ ಸುಳ್ಳಿನಿಂದ ಒಬ್ಬ ಹೆಂಗಸಿನ ಉಸಿರು ಕಟ್ಟುತ್ತದೆ, ಇದು ಖಚಿತ. ಜಗಲಿ ಹೋಗುತ್ತದೆ ಎನ್ನುವುದು ಬರೀ ಊಹೆ. ಖಚಿತವಾದ ಕೆಡುಕಿಗೂ ಊಹೆಯ ಕೆಡುಕಿಗೂ ತೂಕ ಒಂದೇ ಅಲ್ಲ. ಯಾವ ತೀರ್ಪುಗಾರರ ಮುಂದೆ ಓದಿದರೂ ಪರದ ಕಡೆಯೇ ಗೆಲ್ಲುತ್ತಿತ್ತು. ಈಗಲೂ ಓದಿ ನೋಡುತ್ತೇನೆ. ಎಲ್ಲಿ ಸಡಿಲ ಎಂದು ಹುಡುಕಿದರೂ ಸಿಗುವುದಿಲ್ಲ. ನಾನು ಬರೆಯದೇ ಬಿಟ್ಟದ್ದು ಇಷ್ಟೇ: ತಪ್ಪು ಅಳತೆಯಿಂದ ಗೆದ್ದವಳು ಎನ್ನುವುದನ್ನು ಇಟ್ಟುಕೊಂಡು ನನಗೆ ಇರಲಾಗುತ್ತಿರಲಿಲ್ಲ.

ಮರುದಿನ ತಿದ್ದುಪಡಿ ಟಿಪ್ಪಣಿ ಬರೆದೆ. ಮೇಲಿನ ಓಣಿಯ ಅಗಲ ಐದು ಮೀಟರ್ ಎಂದು ಓದಿಕೊಳ್ಳತಕ್ಕದ್ದು. ಕೊನೆಗೆ ಒಂದು ಸಾಲು ಸೇರಿಸಿದೆ: ಜಗಲಿಗಳು ಬಹಳ ಹಳೆಯವಾದ್ದರಿಂದ ಅವನ್ನು ಹಾಗೆಯೇ ಉಳಿಸುವುದು ಸೂಕ್ತ. ಸಾಹೇಬರು ಓದಿ, ತಪ್ಪು ಒಪ್ಪಿಕೊಂಡದ್ದಕ್ಕೆ ಮೆಚ್ಚಿ, ಕೊನೆಯ ಸಾಲನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿದರು. “ಇದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ.” ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎತ್ತರ ಅಳೆಯುವ ಕಡತದಲ್ಲಿ ಜಗಲಿ ಉಳಿಸುವ ಮಾತಿಗೆ ಜಾಗವಿಲ್ಲ. ಹಳೇ ಆದೇಶ ರದ್ದಾಗಿ, ಮನೆ ‘ಮಿತಿಯೊಳಗಿದೆ’ ಪಟ್ಟಿಗೆ ಬಂತು.

ಆಮೇಲೆ ನಡೆದದ್ದರಲ್ಲಿ ಕೆಟ್ಟವರು ಯಾರೂ ಇಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಹಳೇ ಊರಿನ ಓಣಿಗಳಿಗೆ ಚರಂಡಿ, ಕಾಂಕ್ರೀಟು ಹಾಕುವ ಕೆಲಸ ಮೊದಲೇ ಮಂಜೂರಾಗಿತ್ತು. ಆ ಕೆಲಸದವರು ನಮ್ಮ ಹೊಸ ನಕ್ಷೆ ಕೇಳಿ ಪಡೆದರು. ನಕ್ಷೆಯಲ್ಲಿ ಓಣಿ ಐದು ಮೀಟರ್. ಐದು ಮೀಟರ್ ಓಣಿಗೆ ಚರಂಡಿ ಎರಡೂ ಅಂಚಿಗೆ, ಅಂದರೆ ಗೋಡೆಯ ಬುಡಕ್ಕೆ. ಜಗಲಿ ಅಲ್ಲೇ ಇತ್ತು. ನೋಟಿಸು ಅಂಟಿಸಿದರು. ಓಣಿಯವರು ಅರ್ಜಿ ಕೊಟ್ಟರು, ಕಾಲಾವಕಾಶ ಕೇಳಿದರು, ಹದಿನೈದು ದಿನ ಸಿಕ್ಕಿತು. ಕೊನೆಗೆ ಗಡಿ ತೋರಿಸಲು ನಮ್ಮ ಕಚೇರಿಯಿಂದ ಒಬ್ಬರನ್ನು ಕಳಿಸಿ ಎಂದು ಪತ್ರ ಬಂತು. ಅಳತೆ ಮಾಡಿದವಳು ನಾನು. ನಕ್ಷೆಗಾರರು ಅಷ್ಟೊತ್ತಿಗೆ ನಿವೃತ್ತರಾಗಿದ್ದರು.

ಬೆಳಿಗ್ಗೆ ಕೆಂಪು ಬಣ್ಣದ ಡಬ್ಬಿ, ಕುಂಚ ಹಿಡಿದು ಹೋದೆ. ಓಣಿಯ ತಿರುವಿನಲ್ಲೇ ಹಾರೆಯ ಸದ್ದು ಕೇಳಿಸಿತು. ಗುತ್ತಿಗೆದಾರರ ಆಳುಗಳು ಇನ್ನೂ ಬಂದಿರಲಿಲ್ಲ. ಗಾದಿಯವರು ಲುಂಗಿ ಎತ್ತಿ ಕಟ್ಟಿ ತಮ್ಮ ಜಗಲಿಯನ್ನು ತಾವೇ ಕೀಳುತ್ತಿದ್ದರು. ಎರಡು ಚಪ್ಪಡಿ ಎದ್ದು ಗೋಡೆಗೆ ಒರಗಿ ನಿಂತಿದ್ದವು. ಮೂರನೆಯದು ಅಲ್ಲಾಡುತ್ತಿರಲಿಲ್ಲ. ಓಣಿಯವರು ತಂತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಬ್ಬರೂ ಕೈ ಹಾಕಿರಲಿಲ್ಲ.

“ಕೀಳಪ್ಪ, ಕೀಳು,” ಎಂದ ಪಕ್ಕದ ಮನೆಯ ಸೈಕಲ್ ರಿಪೇರಿಯವನು. “ನಿಂದೇನು, ಮ್ಯಾಲೆ ಮಾಳಿಗೆ ಉಳಿದೈತೆ. ಅಲ್ಲೇ ಹೋಗಿ ಕುಂತ್ಕಂತೀಯ. ನಮಗೆ ಮಾಳಿಗೆ ಎಲ್ಲೈತೆ?”

“ಲೇ, ಸುಮ್ನಿರಲೇ,” ಎಂದರು ಅಜ್ಜಿ, ಆದರೆ ಅದು ಗಾದಿಯವರ ಪರವಾಗಿ ಅಲ್ಲ. “ಅವನಿಗೆ ಆಫೀಸ್ನಾಗೆ ಜನ ಅವ್ರೆ. ನಮಗ್ಯಾರವ್ರೆ?” ಆಮೇಲೆ ನನ್ನನ್ನು ಕಂಡರು. “ಬಾರವ್ವ. ಕುಂತ್ಕ ಅನ್ನಾಣ ಅಂದ್ರೆ ನಿನ್ನ ಕೈಯಾಗೆ ಬಣ್ಣ ಐತೆ.”

ಗಾದಿಯವರ ಹೆಂಡತಿ ಕಾಣಲಿಲ್ಲ. ಮೇಲೆ ನೋಡಿದೆ. ಕಿಟಕಿಗಳೆಲ್ಲ ತೆರೆದಿದ್ದವು. ಮಷೀನು ನಿಂತಿತ್ತು.

ಓಣಿಯ ನಡುವೆ ನಿಂತು ನಾನು ಮಾತಾಡಿದೆ. ಸಭೆಯಲ್ಲಿ ಮಾತಾಡುವ ಹಾಗೆ, ಎಲ್ಲರಿಗೂ ಕೇಳುವಂತೆ. ಇವರದ್ದು ತಪ್ಪಿಲ್ಲ. ಇವರು ಬೇಡ ಎಂದರು, ಇವರ ಮನೆಯವರೂ ಬೇಡ ಎಂದರು. ಮಾಳಿಗೆ ಇಳಿಸುತ್ತೇನೆ, ಓಣಿ ತಂಟೆಗೆ ಹೋಗಬೇಡಿ ಎಂದು ನನ್ನೆದುರೇ ಹೇಳಿದರು. ಇವರ ಮಾತು ಕೇಳದೆ ಬರೆದವಳು ನಾನು. ಮೊದಲು ತಪ್ಪು ಅಳೆದವಳೂ ನಾನೇ. ಬೈಯುವುದಿದ್ದರೆ ನನ್ನನ್ನು ಬೈಯಿರಿ.

ಸೈಕಲ್ಲಿನವನು ನಕ್ಕ. ಕೆಟ್ಟ ನಗೆಯಲ್ಲ, ಸಣ್ಣವರ ಸುಳ್ಳು ಹಿಡಿದವರ ನಗೆ.

“ಅಂದ್ರೆ, ಇವನು ಬ್ಯಾಡ ಬ್ಯಾಡ ಅಂದ್ರೂ ಸರ್ಕಾರದೋರೇ ಬಂದು ಇವನ ಮಾಳಿಗೆ ಉಳಿಸಿ ಹೋದ್ರು ಅಂತೀರಿ.”

“ಹೌದು.”

“ಏನೂ ಇಸ್ಕಳ್ದಲೆ.”

“ಏನೂ ಇಸ್ಕೊಂಡಿಲ್ಲ.”

“ಮೇಡಂ, ನಮ್ಮನ್ನೂ ಒಂದೀಟು ಬುದ್ಧಿ ಇರೋರು ಅನ್ಕಳ್ರಿ,” ಎಂದು ಅವನು ಒಳಗೆ ಹೋದ. ಅಜ್ಜಿ ತಮ್ಮ ಜಗಲಿಯ ಮೇಲಿನ ಬುಟ್ಟಿಗಳನ್ನು ಒಂದೊಂದಾಗಿ ಒಳಗೆ ಸಾಗಿಸತೊಡಗಿದರು. ಮೂರನೇ ಬುಟ್ಟಿಗೆ ಬಾಗಿಲಲ್ಲಿ ಜಾಗ ಸಾಲದೆ ಹೊಸ್ತಿಲ ಮೇಲೇ ಇಟ್ಟರು.

ಮೂರು ಐವತ್ತು ಎಂದು ನಾನು ಹೇಳಿದ ದಿನ ಇಡೀ ಸಭೆ ಒಪ್ಪಿತ್ತು. ಒಬ್ಬರೂ ಟೇಪು ತಾ ಅನ್ನಲಿಲ್ಲ. ಇವತ್ತಿನ ಮಾತಿಗೆ ನನ್ನ ಹತ್ತಿರ ಸಾಕ್ಷಿ ಇತ್ತು, ಟಿಪ್ಪಣಿ ಇತ್ತು, ತಾರೀಖು ಇತ್ತು. ಚೀಲದಿಂದ ಕಡತದ ಪ್ರತಿ ತೆಗೆದೆ. ಬಾಗಿಲು ಬಾಗಿಲಿಗೂ ಹೋಗಿ ತೋರಿಸಲು ಹೊರಟೆ. ಗಾದಿಯವರು ಹಾರೆ ಗೋಡೆಗೆ ಒರಗಿಸಿ ಹತ್ತಿರ ಬಂದರು. ಮುಖದಲ್ಲಿ ಬೆವರು, ಕಲ್ಲಿನ ಪುಡಿ.

“ಸಾಕು ಬಿಡಮ್ಮ,” ಎಂದರು ಮೆಲ್ಲಗೆ. “ಇನ್ನು ಹೇಳಬ್ಯಾಡ. ನೀನು ಹೇಳಿದಷ್ಟೂ ನಾನೇ ಹೇಳಿಸ್ದಂಗೆ ಕಾಣ್ತದೆ.”

ನಾನು ಕಾಗದ ಮಡಚಿ ಒಳಗಿಟ್ಟೆ. ಅಜ್ಜಿಯ ಜಗಲಿಯ ಮೇಲೆ, ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಂತು ಗಡಿಯ ಕೆಂಪು ಗೆರೆ ಎಳೆಯಲು ಶುರು ಮಾಡಿದೆ.